ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್: ಪೆನ್‌ಡ್ರೈವ್‌ನಿಂದ ಕನ್ನಡ ಟೈಪಿಂಗ್‌ವರೆಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಅಂದಿನಿಂದ ಶಿರಸಿ, ಕುಮಟಾ, ಕಾರವಾರ ಕಡೆಯ ಓದುಗರು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: ‘ಮನೆಯಲ್ಲಿ ಏಳೆಂಟು ವರ್ಷದ ಲ್ಯಾಪ್‌ಟಾಪ್ ಇದೆ. ವಿಂಡೋಸ್ 11 ಹಾಕಲು ಬರುವುದಿಲ್ಲ ಅಂತ ತೋರಿಸುತ್ತದೆ. ಲಿನಕ್ಸ್ ಹಾಕಬಹುದಾ?’

ಹಾಕಬಹುದು. ಮೈಕ್ರೋಸಾಫ್ಟ್ ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ಪೀಳಿಗೆಯ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು ಅನ್ನುತ್ತದೆ. ಅದಕ್ಕಿಂತ ಹಳೆಯದಾದರೂ ಯಂತ್ರ ಇನ್ನೂ ಗಟ್ಟಿಯಾಗಿಯೇ ಇರುತ್ತದೆ. ಅದನ್ನು ಗುಜರಿಗೆ ಹಾಕಬೇಡಿ.

ಲಿನಕ್ಸ್ ಅಂದರೆ ವಿಂಡೋಸ್ ಥರದ್ದೇ ಒಂದು ಕಾರ್ಯವ್ಯವಸ್ಥೆ, ಅಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ. ಉಚಿತ, ಎಲ್ಲರಿಗೂ ಮುಕ್ತ. ಇದರಲ್ಲಿ ಬೇರೆ ಬೇರೆ ತಂಡಗಳು ಕಟ್ಟಿಕೊಡುವ ಹಲವು ರೂಪಗಳಿವೆ, ಅವನ್ನು ಡಿಸ್ಟ್ರೋ ಅನ್ನುತ್ತಾರೆ. ಹೊಸಬರಿಗೆ ನಾನು ಹೇಳುವುದು ಲಿನಕ್ಸ್ ಮಿಂಟ್ ಒಂದೇ. ಕೆಳಗೆ ಪಟ್ಟಿ, ಎಡ ಮೂಲೆಯಲ್ಲಿ ಮೆನು, ಎಲ್ಲ ವಿಂಡೋಸ್‌ನ ಹಾಗೇ ಇರುತ್ತದೆ. ಮಿಂಟ್ 22ರ ಸರಣಿಗೆ 2029ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಯಾವ ಡಿಸ್ಟ್ರೋ ಒಳ್ಳೆಯದು ಎಂದು ತಿಂಗಳುಗಟ್ಟಲೆ ವಿಡಿಯೋ ನೋಡುತ್ತ ಕೂರುವುದಕ್ಕಿಂತ, ಪೆನ್‌ಡ್ರೈವ್‌ನಿಂದ ಇದನ್ನು ನಿಮ್ಮದೇ ಯಂತ್ರದಲ್ಲಿ ಒಮ್ಮೆ ಓಡಿಸಿ ನೋಡಿ. ನಿಮ್ಮ ವೈಫೈ, ನಿಮ್ಮ ಪ್ರಿಂಟರ್ ಕೆಲಸ ಮಾಡುತ್ತವೋ ಇಲ್ಲವೋ ಅಂತ ಆಗಲೇ ಗೊತ್ತಾಗುತ್ತದೆ.

ಯಾರು ಸ್ವಲ್ಪ ತಡೆಯಬೇಕು

ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು ವಿಂಡೋಸ್ ತೆಗೆಯಬೇಡಿ. ಟ್ಯಾಲಿ ಲಿನಕ್ಸ್‌ನಲ್ಲಿ ನೇರವಾಗಿ ಓಡುವುದಿಲ್ಲ. ಜಿಎಸ್‌ಟಿ ಅಥವಾ ಟೆಂಡರ್ ಕೆಲಸಕ್ಕೆ ಡಿಜಿಟಲ್ ಸಹಿಯ ಟೋಕನ್ ಬಳಸುವವರು, ಆಧಾರ್ ಬೆರಳಚ್ಚು ಯಂತ್ರ ಇಟ್ಟುಕೊಂಡ ಸೇವಾ ಕೇಂದ್ರದವರು ಕೂಡ ಅಷ್ಟೇ. ಆ ಸಾಧನಗಳ ತಂತ್ರಾಂಶ ಹೆಚ್ಚಾಗಿ ವಿಂಡೋಸ್ ಲೆಕ್ಕದಲ್ಲೇ ಮಾಡಿದ್ದು. ಇನ್ನೊಂದು ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್. ನಮ್ಮ ಕಡೆ ಝೆರಾಕ್ಸ್ ಅಂಗಡಿ, ಶಾಲೆ, ಸೊಸೈಟಿ ಎಲ್ಲಿ ಹೋದರೂ ಇದು ಕಾಣುತ್ತದೆ. ಲಿನಕ್ಸ್‌ನಲ್ಲಿ ಇದನ್ನು ಓಡಿಸಬಹುದು, ಆದರೆ ಡ್ರೈವರ್, ಅಂದರೆ ಸಾಧನವನ್ನು ನಡೆಸುವ ತಂತ್ರಾಂಶ, ಹಳೆಯದು, ಹೊಸಬರಿಗೆ ತಲೆನೋವು. ಇವರೆಲ್ಲ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವ ದಾರಿ ಹಿಡಿಯಿರಿ, ಅದನ್ನು 4 ಮತ್ತು 6ನೇ ಹಂತದಲ್ಲಿ ಹೇಳಿದ್ದೇನೆ.

ಬ್ರೌಸರ್, ಪತ್ರ-ಲೆಕ್ಕಪತ್ರ, ವಿಡಿಯೋ, ಮಕ್ಕಳ ಆನ್‌ಲೈನ್ ಪಾಠ ಇಷ್ಟೇ ನಿಮ್ಮ ಬಳಕೆಯಾದರೆ ಏನೂ ತೊಂದರೆಯಿಲ್ಲ.

ಏನೇನು ಬೇಕು

64 ಬಿಟ್ ಯಂತ್ರ, ಕನಿಷ್ಠ 2 ಜಿಬಿ ರ‍್ಯಾಮ್. ಆರಾಮವಾಗಿ ಬಳಸಲು 4 ಜಿಬಿ. ಡಿಸ್ಕ್‌ನಲ್ಲಿ ಕನಿಷ್ಠ 20 ಜಿಬಿ ಜಾಗ, ನನ್ನ ಪ್ರಕಾರ 60 ಜಿಬಿಗೆ ಕಡಿಮೆ ಬೇಡ. 8 ಜಿಬಿಯ ಒಂದು ಪೆನ್‌ಡ್ರೈವ್, ಬ್ಯಾಕಪ್‌ಗೆ ಬೇರೊಂದು ಹಾರ್ಡ್ ಡಿಸ್ಕ್, ಮೊಬೈಲ್‌ನ ಡೇಟಾ ಕೇಬಲ್. ಯಂತ್ರದಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ, ದುಡ್ಡು ಹಾಕುವುದಾದರೆ ಮೊದಲು ಎಸ್‌ಎಸ್‌ಡಿಗೆ (ತಿರುಗುವ ಭಾಗವಿಲ್ಲದ ಡಿಸ್ಕ್) ಹಾಕಿ. ಹಳೇ ಯಂತ್ರಕ್ಕೆ ಅದರಷ್ಟು ವೇಗ ಕೊಡುವುದು ಬೇರೇನೂ ಇಲ್ಲ.

1. ಬ್ಯಾಕಪ್

ಫೋಟೋ, ತೋಟದ ಲೆಕ್ಕ, ಪಹಣಿಯ ಸ್ಕ್ಯಾನ್, ಮಕ್ಕಳ ಅಂಕಪಟ್ಟಿ, ನುಡಿ ತಂತ್ರಾಂಶದಲ್ಲಿ ಬರೆದ ಹಳೇ ಕಡತ ಎಲ್ಲವನ್ನೂ ಹೊರಗಿನ ಡಿಸ್ಕ್‌ಗೆ ನಕಲು ಮಾಡಿ. ಎಲ್ಲರೂ ಮರೆಯುವುದು ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್ ಫೋಲ್ಡರ್. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ ಮರೆಯಬೇಡಿ. ನಕಲಾದ ಮೇಲೆ ನಾಲ್ಕಾರು ಕಡತ ತೆರೆದು ನೋಡಿ, ಆಮೇಲೆ ಆ ಡಿಸ್ಕನ್ನು ಯಂತ್ರದಿಂದ ಬಿಚ್ಚಿ ಪಕ್ಕಕ್ಕಿಡಿ. ಇನ್‌ಸ್ಟಾಲ್ ಮಾಡುವಾಗ ಅದು ಚುಚ್ಚಿಕೊಂಡೇ ಇರಬಾರದು, ಗಡಿಬಿಡಿಯಲ್ಲಿ ಅದನ್ನೇ ಅಳಿಸಿಬಿಡುವ ಅಪಾಯ ಇದೆ.

2. ಡೌನ್‌ಲೋಡ್

ಲಿನಕ್ಸ್ ಮಿಂಟ್‌ನ ಅಧಿಕೃತ ತಾಣಕ್ಕೇ ಹೋಗಿ. ಅಲ್ಲಿ ಮೂರು ಆವೃತ್ತಿ ಕಾಣುತ್ತವೆ: ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ. ರ‍್ಯಾಮ್ 4 ಜಿಬಿ ಅಥವಾ ಕಡಿಮೆ ಇದ್ದರೆ ಎಕ್ಸ್‌ಎಫ್‌ಸಿಇ, 8 ಜಿಬಿ ಇದ್ದರೆ ಸಿನಮನ್. ಮಾಟೆ ಇವೆರಡರ ನಡುವಿನದು.

ಇಳಿಯುವುದು ಐಎಸ್‌ಒ ಕಡತ, ಅಂದರೆ ಇಡೀ ವ್ಯವಸ್ಥೆಯನ್ನು ತುಂಬಿಟ್ಟ ಒಂದೇ ಕಡತ. ಗಾತ್ರ ಸುಮಾರು 3 ಜಿಬಿ. ಘಟ್ಟದ ಮೇಲಿನ ಹಳ್ಳಿಗಳಲ್ಲಿ 2 ಎಂಬಿಪಿಎಸ್ ಸಿಕ್ಕರೆ ಮೂರು ತಾಸಿಗೂ ಜಾಸ್ತಿ ಹಿಡಿಯುತ್ತದೆ. ದಿನಕ್ಕೆ ಒಂದೂವರೆ-ಎರಡು ಜಿಬಿಯ ಮೊಬೈಲ್ ಪ್ಯಾಕ್ ಸಾಲುವುದಿಲ್ಲ. ಬ್ರೌಸರ್‌ನಲ್ಲಿ ಇಳಿಸುವಾಗ ನಡುವೆ ನೆಟ್ ಹೋದರೆ ಎಷ್ಟೋ ಸಲ ಮತ್ತೆ ಸೊನ್ನೆಯಿಂದ ಶುರು ಮಾಡಬೇಕಾಗುತ್ತದೆ. ಅದಕ್ಕೇ ಅದೇ ತಾಣದಲ್ಲಿರುವ ಟೊರೆಂಟ್ ಕೊಂಡಿಯನ್ನು ಟೊರೆಂಟ್ ತಂತ್ರಾಂಶವೊಂದರಲ್ಲಿ ತೆರೆಯಿರಿ. ಟೊರೆಂಟ್ ತುಣುಕು ತುಣುಕಾಗಿ ಇಳಿಸುತ್ತದೆ, ಪ್ರತಿ ತುಣುಕನ್ನೂ ತಾನೇ ಪರೀಕ್ಷಿಸುತ್ತದೆ, ಎರಡು ದಿನ ಬಿಟ್ಟರೂ ನಿಂತಲ್ಲಿಂದಲೇ ಮುಂದುವರಿಸುತ್ತದೆ. ಪೇಟೆಯಲ್ಲಿ ಫೈಬರ್ ಇರುವ ನೆಂಟರಿದ್ದರೆ ಅವರಿಂದ ಪೆನ್‌ಡ್ರೈವ್‌ಗೆ ತರಿಸಿಕೊಂಡರೂ ಆಯ್ತು.

3. ಪೆನ್‌ಡ್ರೈವ್ ತಯಾರಿ

ಐಎಸ್‌ಒ ಕಡತವನ್ನು ಸುಮ್ನೆ ಪೆನ್‌ಡ್ರೈವ್‌ಗೆ ನಕಲು ಮಾಡಿದರೆ ಕೆಲಸ ಆಗುವುದಿಲ್ಲ. ಅದನ್ನು ಬೂಟ್ ಆಗುವ ಹಾಗೆ ಬರೆಯಬೇಕು. ಬೂಟ್ ಅಂದರೆ ಯಂತ್ರ ಚಾಲೂ ಆಗುವ ಕ್ರಿಯೆ. ವಿಂಡೋಸ್‌ನಲ್ಲಿ ಇದಕ್ಕೆ ರೂಫಸ್ ಎಂಬ ಉಚಿತ ತಂತ್ರಾಂಶ ಸಾಕು. ಪೆನ್‌ಡ್ರೈವ್ ಆಯ್ದುಕೊಳ್ಳಿ, ಐಎಸ್‌ಒ ತೋರಿಸಿ. ಆ ಸಾಲಿನ ಪಕ್ಕದಲ್ಲೇ ಒಂದು ಸಣ್ಣ ಸರಿಗುರುತಿನ ಗುಂಡಿ ಇದೆ. ಒತ್ತಿದರೆ ಶಾ-256 ಎಂಬ ಉದ್ದನೆಯ ಸಂಖ್ಯೆ ಬರುತ್ತದೆ, ಅದು ಕಡತದ ಬೆರಳಚ್ಚು. ಮಿಂಟ್ ತಾಣದಲ್ಲಿ ಕೊಟ್ಟ ಸಂಖ್ಯೆಗೂ ಇದಕ್ಕೂ ಒಂದಕ್ಷರ ವ್ಯತ್ಯಾಸವಿದ್ದರೂ ಕಡತ ಕೆಟ್ಟಿದೆ ಎಂದೇ ಅರ್ಥ, ಮತ್ತೆ ಇಳಿಸಿ. ಸರಿ ಇದ್ದರೆ ಸ್ಟಾರ್ಟ್ ಒತ್ತಿ. ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಯುತ್ತದೆ, ನೆನಪಿರಲಿ.

ಕಾರವಾರ, ಅಂಕೋಲಾ, ಹೊನ್ನಾವರದ ಕಡಲ ಬದಿಯವರಿಗೆ ಒಂದು ಮಾತು. ಉಪ್ಪು ಗಾಳಿಗೆ ಹಳೇ ಲ್ಯಾಪ್‌ಟಾಪ್‌ನ ಯುಎಸ್‌ಬಿ ಕಿಂಡಿ ತುಕ್ಕು ಹಿಡಿದಿರಬಹುದು. ಪೆನ್‌ಡ್ರೈವ್ ಒಮ್ಮೆ ಕಾಣಿಸಿ ಒಮ್ಮೆ ಮಾಯವಾಗುತ್ತಿದ್ದರೆ ಆ ಕಿಂಡಿ ಬಿಡಿ, ಬೇರೆ ಕಿಂಡಿ ಬಳಸಿ. ಇನ್‌ಸ್ಟಾಲ್ ನಡುವೆ ಸಂಪರ್ಕ ತಪ್ಪಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

4. ವಿಂಡೋಸ್ ಒಳಗೆ ಮಾಡಬೇಕಾದ್ದು

ವಿಂಡೋಸ್ ಪೂರ್ತಿ ತೆಗೆಯುವವರು ಈ ಹಂತ ಬಿಡಬಹುದು. ಎರಡನ್ನೂ ಇಟ್ಟುಕೊಳ್ಳುವವರು ಮೂರು ಕೆಲಸ ಮಾಡಿ.

ಮೊದಲನೆಯದು, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡುವುದು. ಇದು ಆನ್ ಇದ್ದರೆ ‘ಶಟ್ ಡೌನ್’ ಒತ್ತಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಡಿಸ್ಕ್‌ಗೆ ಬೀಗ ಹಾಕಿಕೊಂಡೇ ಇರುತ್ತದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್, ಅಲ್ಲಿ ಪವರ್ ಬಟನ್ ಏನು ಮಾಡಬೇಕು ಎಂಬ ಪುಟ, ಅಲ್ಲಿ ಗುರುತು ತೆಗೆಯಿರಿ.

ಎರಡನೆಯದು ಬಿಟ್‌ಲಾಕರ್, ಅಂದರೆ ಡಿಸ್ಕ್‌ನ ಗೂಢಲಿಪಿ ಬೀಗ. ಅದು ಆನ್ ಇದೆಯೇ ನೋಡಿ. ಇದ್ದರೆ ರಿಕವರಿ ಕೀಯನ್ನು ಮೊದಲು ಕಾಗದದಲ್ಲಿ ಬರೆದಿಟ್ಟುಕೊಂಡು ಆಮೇಲೆ ಬಿಟ್‌ಲಾಕರ್ ಆಫ್ ಮಾಡಿ. ಆ ಕೀ ಇಲ್ಲದೆ ಬಯಾಸ್ (ಯಂತ್ರದ ಒಳಗಿನ ಸೆಟ್ಟಿಂಗ್ ಪುಟ) ಬದಲಿಸಿದರೆ ನಿಮ್ಮದೇ ಕಡತಗಳು ನಿಮಗೆ ಸಿಗದೇ ಹೋಗಬಹುದು.

ಮೂರನೆಯದು ಜಾಗ ಬಿಡಿಸುವುದು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ ‘ಶ್ರಿಂಕ್ ವಾಲ್ಯೂಮ್’ ಆರಿಸಿ. ಅಲ್ಲಿ ಎಂಬಿ ಲೆಕ್ಕ ಕೇಳುತ್ತದೆ. 60 ಜಿಬಿ ಬೇಕಾದರೆ 61440 ಎಂದು ಬರೆಯಿರಿ. ಬಿಡಿಸಿದ ಜಾಗ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಅದನ್ನು ಹಾಗೇ ಬಿಡಿ, ಹೊಸ ಡ್ರೈವ್ ಅಂತ ಹೆಸರು ಕೊಡಬೇಡಿ.

5. ಲೈವ್ ಆಗಿ ಓಡಿಸಿ ನೋಡಿ

ಪೆನ್‌ಡ್ರೈವ್ ಹಾಕಿ, ಯಂತ್ರ ಆಫ್ ಮಾಡಿ, ಮತ್ತೆ ಆನ್ ಮಾಡುತ್ತಿದ್ದಂತೆ ಬೂಟ್ ಮೆನುವಿನ ಕೀಯನ್ನು ಪದೇ ಪದೇ ಒತ್ತಿ. ಡೆಲ್ ಮತ್ತು ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್9, ಏಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಹಲವು ಮಾಡೆಲ್‌ಗಳಲ್ಲಿ ಮೊದಲು ಎಫ್2 ಒತ್ತಿ ಬಯಾಸ್‌ಗೆ ಹೋಗಿ ಈ ಮೆನುವನ್ನು ಆನ್ ಮಾಡಬೇಕು. ಬಯಾಸ್ ಅಂದರೆ ವಿಂಡೋಸ್‌ಗಿಂತ ಮೊದಲೇ ಏಳುವ, ಯಂತ್ರದ ಒಳಗಿನ ಸೆಟ್ಟಿಂಗ್ ಪುಟ.

ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿದರೆ ಮಿಂಟ್ ಮೆನು ಬರುತ್ತದೆ. ಮೊದಲ ಸಾಲಿಗೇ ಎಂಟರ್ ಒತ್ತಿ. ಪರದೆ ಕಪ್ಪಾಗಿ ನಿಂತರೆ ಮತ್ತೆ ಆನ್ ಮಾಡಿ ‘ಕಂಪ್ಯಾಟಿಬಿಲಿಟಿ ಮೋಡ್’ ಸಾಲು ಆರಿಸಿ. ಒಂದೆರಡು ನಿಮಿಷದಲ್ಲಿ ಪೂರ್ತಿ ಡೆಸ್ಕ್‌ಟಾಪ್ ಎದುರಿಗಿರುತ್ತದೆ. ಇದೇ ಲೈವ್ ಸ್ಥಿತಿ. ಎಲ್ಲ ಓಡುತ್ತಿರುವುದು ಪೆನ್‌ಡ್ರೈವ್‌ನಿಂದ, ನೀವಾಗಿ ಡಿಸ್ಕ್‌ಗೆ ಏನಾದರೂ ಬರೆಯುವವರೆಗೆ ಅದು ಹಾಗೇ ಇರುತ್ತದೆ.

ಹೆಚ್ಚಿನವರು ಇಲ್ಲಿ ಎರಡು ನಿಮಿಷ ನೋಡಿ ತಕ್ಷಣ ಇನ್‌ಸ್ಟಾಲ್ ಒತ್ತುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಒಂದು ಸಂಜೆ ಪೂರ್ತಿ ಇದರಲ್ಲೇ ಕಳೆಯಿರಿ. ವೈಫೈಗೆ ಸೇರಿಸಿ. ಹಾಡು ಹಾಕಿ, ಇಯರ್‌ಫೋನ್‌ನಲ್ಲೂ ಕೇಳಿ. ಕ್ಯಾಮೆರಾ ತೆರೆಯಿರಿ. ಮುಚ್ಚಳ ಮುಚ್ಚಿ ತೆಗೆದರೆ ಯಂತ್ರ ಸರಿಯಾಗಿ ಏಳುತ್ತದಾ ನೋಡಿ. ಪ್ರಿಂಟರ್ ಜೋಡಿಸಿ ಒಂದು ಪುಟ ಮುದ್ರಿಸಿ. ನಿಮ್ಮ ಬ್ಯಾಂಕಿನ ತಾಣ ತೆರೆಯಿರಿ. ಪೆನ್‌ಡ್ರೈವ್‌ನಿಂದ ಓಡುವಾಗ ಸ್ವಲ್ಪ ನಿಧಾನ, ಡಿಸ್ಕ್‌ಗೆ ಹಾಕಿದ ಮೇಲೆ ಚುರುಕಾಗುತ್ತದೆ.

ವೈಫೈ ಕಾಣಲೇ ಇಲ್ಲ ಅಂದರೆ ಗಾಬರಿ ಬೇಡ. ಬ್ರಾಡ್‌ಕಾಮ್ ಚಿಪ್ ಇರುವ ಹಳೇ ಯಂತ್ರಗಳಲ್ಲಿ ಇದು ಮಾಮೂಲು. ಮೊಬೈಲನ್ನು ಡೇಟಾ ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಮೊಬೈಲ್‌ನ ನೆಟ್ ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ಬರುತ್ತದೆ. ಆಮೇಲೆ ‘ಡ್ರೈವರ್ ಮ್ಯಾನೇಜರ್’ನಲ್ಲಿ ವೈಫೈ ಡ್ರೈವರ್ ಸಿಗುತ್ತದೆ.

ವಿಂಡೋಸ್ ಏಳದೇ ಹೋದ ಯಂತ್ರದಿಂದ ಕಡತ ತೆಗೆಯಲೂ ಇದೇ ಲೈವ್ ಸ್ಥಿತಿ ಸಾಕು. ಡಿಸ್ಕ್ ತೆರೆದು ಫೋಟೋಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿಕೊಳ್ಳಬಹುದು. ಆದರೆ ಬಿಟ್‌ಲಾಕರ್ ಇದ್ದರೆ ಕೀ ಇಲ್ಲದೆ ತೆರೆಯುವುದಿಲ್ಲ.

6. ಇನ್‌ಸ್ಟಾಲ್

ಇದಕ್ಕೆ ಹಿಡಿಯುವುದು ಅರ್ಧ-ಮುಕ್ಕಾಲು ತಾಸು. ಆದರೆ ನಡುವೆ ಕರೆಂಟ್ ಹೋಗಬಾರದು. ಡಿಸ್ಕ್‌ನ ಭಾಗಗಳನ್ನು ಬದಲಿಸುವ ಹೊತ್ತಿಗೆ ಯಂತ್ರ ಆರಿದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ ಅನ್ನುವ ಸ್ಥಿತಿ ಬರಬಹುದು. ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಲೈನ್ ಹೋಗುವುದು ನಿಮಗೇ ಗೊತ್ತು. ಲ್ಯಾಪ್‌ಟಾಪ್ ಬ್ಯಾಟರಿ ಒಂದು ತಾಸು ನಿಲ್ಲುತ್ತದೆ ಅಂದರೆ ಸರಿ. ಬ್ಯಾಟರಿ ಸತ್ತಿದ್ದರೆ ಇನ್ವರ್ಟರ್ ಇರುವ ಮನೆಯಲ್ಲಿ ಕುಳಿತು ಮಾಡಿ. ಗುಡುಗು-ಸಿಡಿಲಿನ ಸಂಜೆ ಬೇಡವೇ ಬೇಡ.

ಡೆಸ್ಕ್‌ಟಾಪ್ ಮೇಲಿನ ‘ಇನ್‌ಸ್ಟಾಲ್ ಲಿನಕ್ಸ್ ಮಿಂಟ್’ ಚಿತ್ರದ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಭಾಷೆ, ಕೀಲಿಮಣೆ ಕೇಳುತ್ತದೆ. ಕೀಲಿಮಣೆಗೆ ಇಂಗ್ಲಿಷ್ ಯುಎಸ್ ಇರಲಿ, ಕನ್ನಡ ಆಮೇಲೆ ಸೇರಿಸೋಣ. ‘ಮಲ್ಟಿಮೀಡಿಯಾ ಕೋಡೆಕ್’ ಅಂತ ಕೇಳುವಲ್ಲಿ ಗುರುತು ಹಾಕಿ, ಹಾಡು-ವಿಡಿಯೋ ಓಡಲು ಅದು ಬೇಕು. ಸೆಕ್ಯೂರ್ ಬೂಟ್ (ನಂಬಿಕಸ್ಥ ಸಹಿ ಇರುವ ತಂತ್ರಾಂಶಕ್ಕೆ ಮಾತ್ರ ಏಳಲು ಬಿಡುವ ಬಯಾಸ್ ಕಾವಲು) ಆನ್ ಇದ್ದ ಯಂತ್ರ ಇಲ್ಲೊಂದು ಪಾಸ್‌ವರ್ಡ್ ಇಡಲು ಹೇಳುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಮುಂದೆ ಒಮ್ಮೆ ಬೇಕಾಗುತ್ತದೆ.

ಈಗ ಮುಖ್ಯವಾದ ಪುಟ: ‘ಇನ್‌ಸ್ಟಾಲೇಶನ್ ಟೈಪ್’. ಇಲ್ಲಿ ನಿಧಾನವಾಗಿ ಓದಿ.

‘ಇರೇಸ್ ಡಿಸ್ಕ್’ ಅಂದರೆ ಡಿಸ್ಕ್ ಪೂರ್ತಿ ಅಳಿಸುವುದು. ನಮ್ಮಲ್ಲಿ ತುಂಬಾ ಜನ ಡೇಟಾ ಕಳೆದುಕೊಳ್ಳುವುದು ಈ ಸಾಲಿನಲ್ಲೇ. ವಿಂಡೋಸ್ ಕೆಟ್ಟಾಗ ಅಂಗಡಿಯವರು ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡಿ ಕೊಡುತ್ತಾರೆ, ಡಿ ಡ್ರೈವ್‌ನಲ್ಲಿದ್ದದ್ದು ಉಳಿಯುತ್ತದೆ. ಆ ರೂಢಿಯಲ್ಲಿ ‘ನನ್ನ ಫೋಟೋ ಎಲ್ಲ ಡಿ ಡ್ರೈವ್‌ನಲ್ಲಿದೆ, ಏನೂ ಆಗಲ್ಲ’ ಅಂದುಕೊಳ್ಳುತ್ತಾರೆ. ಲಿನಕ್ಸ್‌ಗೆ ಸಿ, ಡಿ, ಇ ಎಂಬ ಹೆಸರುಗಳೇ ಇಲ್ಲ. ಒಂದೇ ತೋಟವನ್ನು ಬೇಲಿ ಹಾಕಿ ಮೂರು ಪಾಲು ಮಾಡಿದ ಹಾಗೆ ಅವು ಒಂದೇ ಡಿಸ್ಕ್‌ನ ಪಾಲುಗಳು. ಇವನ್ನೇ ಪಾರ್ಟಿಶನ್ ಅನ್ನುವುದು. ‘ಇರೇಸ್ ಡಿಸ್ಕ್’ ಬೇಲಿ ನೋಡುವುದಿಲ್ಲ, ಇಡೀ ಡಿಸ್ಕ್ ಅಳಿಸುತ್ತದೆ. ಬ್ಯಾಕಪ್ ಹೊರಗಿದೆ ಎಂಬುದು ಖಾತ್ರಿಯಾದರೆ ಮಾತ್ರ ಇದನ್ನು ಆರಿಸಿ. ಯಂತ್ರದಲ್ಲಿ ಎಸ್‌ಎಸ್‌ಡಿಯೂ ಹಾರ್ಡ್ ಡಿಸ್ಕೂ ಇದ್ದರೆ ಯಾವುದು ಅಳಿಯುತ್ತದೆ ಎಂದು ಗಾತ್ರ ನೋಡಿ ಗುರುತಿಸಿಕೊಳ್ಳಿ.

ವಿಂಡೋಸ್ ಉಳಿಸಿಕೊಳ್ಳುವವರಿಗೆ ‘ಇನ್‌ಸ್ಟಾಲ್ ಅಲಾಂಗ್‌ಸೈಡ್’ ಎಂಬ ಸಾಲು ಬರುತ್ತದೆ. ಅದೂ ನಡೆಯುತ್ತದೆ. ಆದರೆ ನಾನು ‘ಸಮ್‌ಥಿಂಗ್ ಎಲ್ಸ್’ ಆರಿಸಿ ಎನ್ನುತ್ತೇನೆ. ಯಾವ ಜಾಗಕ್ಕೆ ಹೋಗುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಪಟ್ಟಿಯಲ್ಲಿ ‘ಫ್ರೀ ಸ್ಪೇಸ್’ ಎಂಬ ಸಾಲು ಹುಡುಕಿ, ನೀವು ಬಿಡಿಸಿದ 60 ಜಿಬಿ ಅದೇ. ಅದನ್ನು ಆಯ್ದು ಕೂಡಿಸುವ ಗುರುತು ಒತ್ತಿ. ಮಾದರಿ ಎಕ್ಸ್‌ಟಿ4 ಇರಲಿ, ಮೌಂಟ್ ಪಾಯಿಂಟ್‌ಗೆ ಒಂದು ಓರೆಗೆರೆ (/) ಆರಿಸಿ. ಲಿನಕ್ಸ್‌ನ ಮೂಲ ಫೋಲ್ಡರ್‌ನ ಹೆಸರೇ ಆ ಓರೆಗೆರೆ. ಇಎಫ್‌ಐ ಎಂದು ಬರೆದ ನೂರಿನ್ನೂರು ಎಂಬಿಯ ಸಣ್ಣ ಪಾರ್ಟಿಶನ್ ಮುಟ್ಟಬೇಡಿ, ಫಾರ್ಮ್ಯಾಟ್ ಗುರುತು ಹಾಕಬೇಡಿ. ವಿಂಡೋಸ್ ಏಳುವುದು ಅದರಿಂದಲೇ. ಸ್ವಾಪ್‌ಗೆ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಬೇರೆ ಪಾಲು ಬೇಕಿಲ್ಲ, ಮಿಂಟ್ ತಾನೇ ಕಡತವೊಂದನ್ನು ಮಾಡಿಕೊಳ್ಳುತ್ತದೆ.

‘ಇನ್‌ಸ್ಟಾಲ್ ನೌ’ ಒತ್ತಿದಾಗ ಏನೇನು ಬದಲಾಗುತ್ತದೆ ಎಂಬ ಪಟ್ಟಿ ಬರುತ್ತದೆ. ಅದನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಅರ್ಥವಾಗದ ಸಾಲು ಒಂದಿದ್ದರೂ ಹಿಂದೆ ಹೋಗಿ. ಇಲ್ಲಿವರೆಗೆ ಏನೂ ಅಳಿದಿರುವುದಿಲ್ಲ.

ಇನ್ನುಳಿದದ್ದು ಸುಲಭ. ಸಮಯಕ್ಕೆ ಕೋಲ್ಕತ, ನಿಮ್ಮ ಹೆಸರು, ಪಾಸ್‌ವರ್ಡ್. ಹೋಮ್ ಫೋಲ್ಡರ್ ಎನ್‌ಕ್ರಿಪ್ಟ್ ಮಾಡುವ ಗುರುತನ್ನು ಹೊಸಬರು ಬಿಡುವುದೇ ಒಳ್ಳೆಯದು. ಪಾಸ್‌ವರ್ಡ್ ಮರೆತರೆ ಒಳಗಿನ ಕಡತ ಸಿಗುವುದಿಲ್ಲ.

7. ಮೊದಲ ಸಲ ಆನ್ ಮಾಡಿದಾಗ

ಸೆಕ್ಯೂರ್ ಬೂಟ್ ಪಾಸ್‌ವರ್ಡ್ ಇಟ್ಟವರಿಗೆ ನೀಲಿ ಪರದೆಯೊಂದು ಬರಬಹುದು. ಅದನ್ನು ನೋಡಿ ಹೆದರಿ ‘ಕಂಟಿನ್ಯೂ’ ಒತ್ತುವವರೇ ಜಾಸ್ತಿ. ಒತ್ತಿದರೆ ವೈಫೈ ಅಥವಾ ಗ್ರಾಫಿಕ್ಸ್ ಡ್ರೈವರ್ ಕೆಲಸ ಮಾಡದೇ ಹೋಗಬಹುದು. ‘ಎನ್‌ರೋಲ್ ಎಂಒಕೆ’ ಆರಿಸಿ, ಬರೆದಿಟ್ಟ ಪಾಸ್‌ವರ್ಡ್ ಕೊಡಿ.

ಆಮೇಲೆ ಗ್ರಬ್ ಎಂಬ ಪಟ್ಟಿ, ಮಿಂಟ್ ಬೇಕಾ ವಿಂಡೋಸ್ ಬೇಕಾ ಅಂತ. ಪಟ್ಟಿ ಬರದೆ ನೇರ ವಿಂಡೋಸ್ ಎದ್ದರೆ ಬಯಾಸ್‌ನ ಬೂಟ್ ಕ್ರಮದಲ್ಲಿ ‘ಉಬುಂಟು’ ಎಂಬುದನ್ನು ಮೇಲೆ ತನ್ನಿ. ಮಿಂಟ್ ಉಬುಂಟು ಮೇಲೆ ಕಟ್ಟಿದ್ದು, ಅಲ್ಲಿ ಆ ಹೆಸರಲ್ಲೇ ಕಾಣುತ್ತದೆ. ಮಿಂಟ್‌ನಿಂದ ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ತಾಸು ಹಿಂದೆ ತೋರಿಸಿದರೆ ಯಂತ್ರ ಕೆಟ್ಟಿಲ್ಲ. ಯಂತ್ರದ ಗಡಿಯಾರವನ್ನು ಲಿನಕ್ಸ್ ಜಾಗತಿಕ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಅಂತ ಓದುತ್ತದೆ. ವಿಂಡೋಸ್‌ನ ಸಮಯದ ಸೆಟ್ಟಿಂಗ್‌ನಲ್ಲಿ ‘ಸಿಂಕ್ ನೌ’ ಒತ್ತಿ.

ಮಿಂಟ್ ಒಳಗೆ ಮೊದಲು ‘ಟೈಮ್‌ಶಿಫ್ಟ್’ ತೆರೆದು ವ್ಯವಸ್ಥೆಯ ಒಂದು ಪ್ರತಿ ತೆಗೆದಿಡಿ. ಮುಂದೆ ಅಪ್‌ಡೇಟ್ ಎಡವಟ್ಟಾದರೆ ಹಿಂದಿನ ಸ್ಥಿತಿಗೆ ಮರಳಬಹುದು. ಟೈಮ್‌ಶಿಫ್ಟ್ ನಿಮ್ಮ ಫೋಟೋಗಳನ್ನು ಉಳಿಸುವುದಿಲ್ಲ, ಅದಕ್ಕೆ ಬೇರೆ ಬ್ಯಾಕಪ್ ಬೇಕೇ ಬೇಕು. ನಂತರ ಡ್ರೈವರ್ ಮ್ಯಾನೇಜರ್, ಅದರ ನಂತರ ಅಪ್‌ಡೇಟ್ ಮ್ಯಾನೇಜರ್. ಮೊದಲ ಅಪ್‌ಡೇಟ್ ದೊಡ್ಡದಿರುತ್ತದೆ, ಮೊಬೈಲ್ ಡೇಟಾದಲ್ಲಿ ಮಾಡಬೇಡಿ. ನೀವು ಒಪ್ಪದೆ ಮಿಂಟ್ ಅದನ್ನು ತಾನಾಗಿ ಹಾಕುವುದಿಲ್ಲ.

ಹೊಸ ತಂತ್ರಾಂಶ ಬೇಕಾದರೆ ‘ಸಾಫ್ಟ್‌ವೇರ್ ಮ್ಯಾನೇಜರ್’ ಇದೆ. ಅಲ್ಲಿ ಎಷ್ಟೋ ತಂತ್ರಾಂಶಗಳು ‘ಸಿಸ್ಟಮ್ ಪ್ಯಾಕೇಜ್’ ಮತ್ತು ‘ಫ್ಲ್ಯಾಟ್‌ಪ್ಯಾಕ್’ ಎಂಬ ಎರಡು ರೂಪದಲ್ಲಿ ಸಿಗುತ್ತವೆ. ನೆಟ್ ನಿಧಾನ ಇರುವವರು ಮೊದಲನೆಯದನ್ನೇ ಆರಿಸಿ. ಎರಡನೆಯದು ತನಗೆ ಬೇಕಾದ ಸಾಮಾನನ್ನೆಲ್ಲ ಜೊತೆಗೆ ತರುವುದರಿಂದ ಗಾತ್ರ ತುಂಬಾ ಜಾಸ್ತಿ.

8. ಕನ್ನಡ ಟೈಪಿಂಗ್

ಮಿಂಟ್‌ನಲ್ಲಿ ಕನ್ನಡ ಓದಲು ಹೆಚ್ಚೇನೂ ಮಾಡಬೇಕಿಲ್ಲ. ಬರೆಯಲು ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ‘ಐಬಸ್-ಎಂ17ಎನ್’ ಹುಡುಕಿ ಹಾಕಿಕೊಳ್ಳಿ. ಐಬಸ್ ಅಂದರೆ ಬೇರೆ ಬೇರೆ ಭಾಷೆಯ ಕೀಲಿಮಣೆಗಳನ್ನು ನಡೆಸುವ ತಂತ್ರಾಂಶ. ಮೆನುವಿನ ‘ಇನ್‌ಪುಟ್ ಮೆಥಡ್’ನಲ್ಲಿ ಐಬಸ್ ಆಯ್ದು, ಲಾಗ್ ಔಟ್ ಆಗಿ ಮತ್ತೆ ಒಳಗೆ ಬನ್ನಿ. ಹೆಚ್ಚಿನವರು ಬಿಡುವುದು ಈ ಲಾಗ್ ಔಟನ್ನೇ, ಆಮೇಲೆ ಕನ್ನಡ ಬರುತ್ತಿಲ್ಲ ಎಂದು ಕೇಳುತ್ತಾರೆ. ನಂತರ ‘ಐಬಸ್ ಪ್ರಿಫರೆನ್ಸಸ್’ ತೆರೆದು, ಇನ್‌ಪುಟ್ ಮೆಥಡ್ ಪುಟದಲ್ಲಿ ಕನ್ನಡ ಸೇರಿಸಿ. ಅಲ್ಲಿ ‘ಕೆಜಿಪಿ’ ಎಂದಿರುವುದು ಕನ್ನಡ ಗಣಕ ಪರಿಷತ್ತಿನ ವಿನ್ಯಾಸ, ನುಡಿಯಲ್ಲಿ ಬೆರಳು ಪಳಗಿದವರಿಗೆ ಅದೇ ಸರಿ. ಇಂಗ್ಲಿಷ್ ಉಚ್ಚಾರದಂತೆ ಬರೆಯುವವರು ‘ಐಟ್ರಾನ್ಸ್’ ಆರಿಸಿ. ಭಾಷೆ ಬದಲಿಸಲು ವಿಂಡೋಸ್ ಗುರುತಿನ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ. ಕೊಂಕಣಿಯನ್ನು ದೇವನಾಗರಿಯಲ್ಲಿ ಬರೆಯುವ ಕಾರವಾರದವರು ಮರಾಠಿ ಅಥವಾ ಹಿಂದಿ ಕೀಲಿಮಣೆಯನ್ನೂ ಇಲ್ಲೇ ಸೇರಿಸಿಕೊಳ್ಳಬಹುದು.

ಹಳೇ ನುಡಿ ಕಡತ ತೆರೆದಾಗ ಇಂಗ್ಲಿಷ್ ಅಕ್ಷರಗಳ ಗೋಜಲು ಕಂಡರೆ ಕಡತ ಹಾಳಾಗಿಲ್ಲ. ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಎಂಬ ಅಕ್ಷರ ಪದ್ಧತಿಗಿಂತ ಮೊದಲಿನ, ಆಸ್ಕಿ ಎನ್ನುವ ಪದ್ಧತಿಯಲ್ಲಿ ಬರೆದ ಪಠ್ಯ ಅದು, ಕನ್ನಡ ಕಾಣಬೇಕಾದರೆ ಆ ಫಾಂಟೇ ಇರಬೇಕು. ಸುಮ್ನೆ ಓದುವುದಕ್ಕಾದರೆ ವಿಂಡೋಸ್‌ನಲ್ಲಿದ್ದ ನುಡಿ ಫಾಂಟ್ ಕಡತಗಳನ್ನು ತಂದು, ಅವುಗಳ ಮೇಲೆ ಎರಡು ಸಲ ಕ್ಲಿಕ್ ಮಾಡಿ ‘ಇನ್‌ಸ್ಟಾಲ್’ ಒತ್ತಿದರೆ ಸಾಕು. ಮುಂದೆಯೂ ತಿದ್ದುತ್ತ ಇರಬೇಕಾದ ಕಡತವಾದರೆ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ, ಬಂದ ಪಠ್ಯವನ್ನು ಲಿಬ್ರೆ ಆಫೀಸ್‌ನಲ್ಲಿ (ಪತ್ರ-ಲೆಕ್ಕಪತ್ರದ ಉಚಿತ ತಂತ್ರಾಂಶ) ಉಳಿಸಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರ ಮತ್ತು ಅಂಕಿಗಳನ್ನು ಒಮ್ಮೆ ಕಣ್ಣಿಟ್ಟು ಓದಿ, ತಪ್ಪು ನುಸುಳುವುದು ಹೆಚ್ಚಾಗಿ ಅಲ್ಲೇ. ಎಲ್ಲ ಸರಿ ಬಂದಿದೆ ಅನ್ನುವವರೆಗೆ ಮೂಲ ಕಡತ ಅಳಿಸಬೇಡಿ.